ಅವನು ಬಿಗಿದ ವೈಸು

ಚಳಿ ಹಿಂದೆ ಸರಿದು ಬಿಸಿಲು ಬಲಿಯತೊಡಗಿತ್ತು. ಉಣ್ಣೆ ಕತ್ತರಿಸುವ ಕಾಲ. ಬೆಳಗಿನಿಂದಲೇ ಕುರಿಮಂದೆಗಳು ಕೆರೆಯ ಕಡೆಗೆ ಇಳಿಯುತ್ತಿದ್ದವು. ಕುರಿಗಾರರು ಮೊಣಕಾಲು ಮಟ್ಟದ ನೀರಿನಲ್ಲಿ ನಿಂತು ಒಂದೊಂದನ್ನೇ ಎಳೆದು, ಮೈ ತಿಕ್ಕಿ, ದಂಡೆಯ ಹುಲ್ಲಿನ ಮೇಲೆ ಒಣಗಲು ಬಿಡುತ್ತಿದ್ದರು. ಒದ್ದೆ ಉಣ್ಣೆಯ ವಾಸನೆ ರಸ್ತೆ ದಾಟಿ ಕಮ್ಮಾರನ ಕುಲುಮೆಯೊಳಗೂ ಬಂದಿತ್ತು.

ಕುಲುಮೆಯಲ್ಲಿ ಬೆಂಕಿ ಇರಲಿಲ್ಲ. ಕಮ್ಮಾರ ತೀರಿಕೊಂಡದ್ದು ಮಳೆಗಾಲದ ನಡುವೆ. ಅಂದಿನಿಂದ ಒಲೆ ತಣ್ಣಗೇ ಇತ್ತು. ಆದರೂ ಅವನ ಹೆಂಡತಿ ದಿನಾ ಬೆಳಿಗ್ಗೆ ಬಂದು ಬಾಗಿಲು ತೆರೆಯುತ್ತಿದ್ದಳು. ನೆಲ ಗುಡಿಸಿ, ಸುತ್ತಿಗೆ ಇಕ್ಕಳಗಳ ಧೂಳು ಒರೆಸಿ, ಕೊನೆಗೆ ಎಣ್ಣೆಬಟ್ಟೆ ಹಿಡಿದು ವೈಸಿನ ಮುಂದೆ ನಿಲ್ಲುತ್ತಿದ್ದಳು.

ವೈಸು ಕಿಟಕಿಯ ಕೆಳಗಿನ ಮೇಜಿಗೆ ಬೋಲ್ಟು ಹಾಕಿ ಕೂರಿಸಿದ್ದು. ಎರಡು ಉಕ್ಕಿನ ದವಡೆ, ಅವುಗಳನ್ನು ಎಳೆದು ಸೇರಿಸುವ ದಪ್ಪನೆಯ ತಿರುಪು, ಮುಂದೆ ಅಡ್ಡ ಹಿಡಿಕೆ. ಹಿಡಿಕೆ ತಿರುಗಿಸಿದರೆ ದವಡೆ ಮುಚ್ಚುತ್ತದೆ, ಕೊಟ್ಟದ್ದನ್ನು ಕಚ್ಚಿ ಹಿಡಿಯುತ್ತದೆ, ಹಿಂದಕ್ಕೆ ತಿರುಗಿಸುವ ತನಕ ಬಿಡುವುದಿಲ್ಲ. ಈಗ ಅದರ ಬಾಯಲ್ಲಿ ಉಣ್ಣೆ ಕತ್ತರಿಯ ಒಂದು ಅಲಗಿತ್ತು. ಜೋಡಿ ಅಲಗು ಗೋಡೆಯ ಮೊಳೆಗೆ ನೇತಾಡುತ್ತಿತ್ತು. ತೀರಿಕೊಂಡ ದಿನ ಮಧ್ಯಾಹ್ನ ಅವನು ಆ ಅಲಗಿಗೆ ಅರ ಹಾಕುತ್ತಿದ್ದವನು ಕೆಲಸ ಅರ್ಧಕ್ಕೆ ಬಿಟ್ಟು ಊಟಕ್ಕೆ ಮನೆಗೆ ಬಂದಿದ್ದ. ಕೈ ತೊಳೆಯುವ ಕಲ್ಲಿನ ಹತ್ತಿರ ಚೊಂಬು ಉರುಳಿದ ಸದ್ದಾಯಿತು. ಅವಳು ಹೊರಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವಳು ದವಡೆ ಒರೆಸುತ್ತಿದ್ದಳು, ತಿರುಪಿಗೆ ಎಣ್ಣೆ ಹಚ್ಚುತ್ತಿದ್ದಳು. ಹಿಡಿಕೆಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅವನು ಕೈ ಬಿಟ್ಟ ಓರೆಯಲ್ಲೇ ಅದು ನಿಂತಿತ್ತು. ಅವನ ಬಟ್ಟೆಗಳನ್ನು ಒಗೆದಾಗಿತ್ತು, ಹಾಸಿಗೆಯನ್ನು ಬಿಸಿಲಿಗೆ ಹಾಕಿ ಮಡಿಸಿಯಾಗಿತ್ತು, ಚಪ್ಪಲಿಯನ್ನು ಬಂದವರು ಯಾರೋ ತಮ್ಮದೆಂದು ಮೆಟ್ಟಿಕೊಂಡು ಹೋಗಿದ್ದರು. ಈ ಒಂದು ಕಡೆ ಮಾತ್ರ ಅವನ ಕೈಬಲ ಹಾಗೇ ಉಳಿದಿದೆ, ಹಿಡಿಕೆ ತಿರುಗಿದ ಗಳಿಗೆ ಅದೂ ಹೋಗುತ್ತದೆ ಎಂದು ಅವಳ ಎಣಿಕೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಗುತ್ತಾರೆ, ಇಲ್ಲವೇ ಅಳುತ್ತಾರೆ. ಎರಡೂ ಅವಳಿಗೆ ಬೇಡವಾಗಿತ್ತು.

ಅವನ ಕೈಬಲ ಎಂದರೆ ಸಾಮಾನ್ಯವಾದದ್ದಲ್ಲ. ಅವನು ಬಿಗಿದ ಬೋಲ್ಟನ್ನು ಬಿಚ್ಚಲು ಅವನನ್ನೇ ಕರೆಯಬೇಕಿತ್ತು. ಗಾಡಿ ಚಕ್ರದವರು, ಪಂಪಿನವರು ಎಷ್ಟೋ ಸಲ ಕುಲುಮೆಯ ತನಕ ಬಂದು, "ಮೇಸ್ತ್ರಿ, ಹಾಕಿದ್ದು ನೀವೇ, ತೆಗೆಯೋರೂ ನೀವೇ ಬನ್ನಿ" ಎಂದು ಕರೆದುಕೊಂಡು ಹೋಗುತ್ತಿದ್ದರು. ಮನೆಯಲ್ಲೂ ಅದೇ ಗೋಳು. ಎಣ್ಣೆ ಡಬ್ಬಿ, ಸಕ್ಕರೆ ಡಬ್ಬಿ, ಸೀಮೆಎಣ್ಣೆ ಕ್ಯಾನು, ಯಾವುದರ ಮುಚ್ಚಳ ಹಾಕಿದರೂ ಮತ್ತೆ ತೆಗೆಯಲು ಅವಳ ಕೈಯಲ್ಲಿ ಆಗುತ್ತಿರಲಿಲ್ಲ. ಒಲೆಯ ಮೇಲೆ ಬಾಣಲೆ ಕಾಯಲಿಟ್ಟು, ಡಬ್ಬಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಕುಲುಮೆಗೆ ಓಡಿಬರುತ್ತಿದ್ದಳು.

"ಇದೇನು ಡಬ್ಬಿಯೋ, ಜೈಲೋ? ಇದರೊಳಗಿಂದ ಎಣ್ಣೆ ಓಡಿಹೋಗತ್ತಾ?"

"ಓಡಿಹೋಗಲ್ಲ ಅಂತ ಬರೆದುಕೊಡು, ಸಡಿಲ ಬಿಡ್ತೀನಿ" ಎನ್ನುತ್ತ ಅವನು ಎರಡೇ ಬೆರಳಲ್ಲಿ ತೆಗೆದುಕೊಡುತ್ತಿದ್ದ. ಅವಳಿಗೆ ಮೈ ಉರಿಯುತ್ತಿತ್ತು. ಮದುವೆಯಾದಂದಿನಿಂದ ಹೇಳಿ ಹೇಳಿ ಕೊನೆಗೂ ಅವಳು ಗೆದ್ದಿದ್ದಳು. ಅವನ ಕೊನೆಯ ವರ್ಷದಲ್ಲಿ ಮುಚ್ಚಳಗಳು ಅವಳ ಕೈಗೆ ಸಲೀಸಾಗಿ ಬರುತ್ತಿದ್ದವು. "ಇಷ್ಟು ವರ್ಷ ಆದ್ಮೇಲೆ ನಮ್ಮ ಮನೆಯವರಿಗೆ ಬುದ್ಧಿ ಬಂತು ನೋಡಿ" ಎಂದು ಅವಳು ನೆರೆಮನೆಯವರ ಮುಂದೆ ಜಂಭ ಕೊಚ್ಚಿಕೊಂಡಿದ್ದೂ ಉಂಟು.

ವೈಸು ಬಂದದ್ದು ಅವಳು ಮದುವೆಯಾಗಿ ಬಂದ ಹೊಸತರಲ್ಲಿ. ಎಲ್ಲೋ ಮುಚ್ಚಿಹೋದ ಕಾರ್ಖಾನೆಯಿಂದ ಅವನು ಅದನ್ನು ಬಾಡಿಗೆ ಗಾಡಿಯಲ್ಲಿ, ಮಗು ಮಲಗಿಸಿದಂತೆ ಹುಲ್ಲು ಹಾಸಿ ತಂದಿದ್ದ. ಅತ್ತೆ ಸುತ್ತ ಒಂದು ಬಾರಿ ಬಂದು, "ಇದಕ್ಕೇನಂತಾರೋ?" ಎಂದಿದ್ದಳು.

"ವೈಸು."

"ಹಾಗಂದ್ರೆ?"

ಅವನು ತಲೆ ಕೆರೆದುಕೊಂಡ. ಮಾರಿದವನು ಹೆಸರು ಹೇಳಿದ್ದನೇ ಹೊರತು ಅರ್ಥ ಹೇಳಿರಲಿಲ್ಲ. "ಇಂಗ್ಲಿಷಿನ ಮಾತಮ್ಮ. ಹಿಡ್ಕೊಳ್ಳೋದು ಅಂತ ಇಟ್ಕೋ. ಇಕ್ಕಳ ಆದ್ರೆ ನಾವು ಹಿಡ್ಕೊಂಡಿರೋ ತನಕ ಹಿಡಿಯತ್ತೆ, ನಮ್ಮ ಕೈ ಸೋತ್ರೆ ಅದೂ ಸೋಲತ್ತೆ. ಇದು ಹಾಗಲ್ಲ. ಒಂದ್ಸಲ ಕೊಟ್ಟುಬಿಟ್ರೆ ನಾವು ಊಟಕ್ಕೆ ಹೋಗ್ಬಹುದು, ಅದು ಹಿಡ್ಕೊಂಡೇ ಇರತ್ತೆ."

"ಅಯ್ಯೋ ಪಾಪ, ಅದಕ್ಕೆ ಊಟ?" ಎಂದಿದ್ದಳು ಅತ್ತೆ. ಮಾತು ನಾಲಿಗೆಗೆ ಸರಿಯಾಗಿ ಕೂರದೆ ಅವಳು ಅದನ್ನು ವೈಸಪ್ಪ ಎಂದು ಕರೆದಳು. ಮನೆಗೆ ಬಂದ ದೂರದ ನೆಂಟನಂತೆ ಆ ಹೆಸರೇ ನಿಂತಿತು. ಅವನು ಊಟಕ್ಕೆ ತಡಮಾಡಿದರೆ, "ನಿನ್ನ ಗಂಡ ವೈಸಪ್ಪನ ಕೈಗೆ ಸಿಕ್ಕಿರಬೇಕು, ಹೋಗಿ ಬಿಡಿಸ್ಕೊಂಡು ಬಾ" ಎಂದು ಸೊಸೆಯನ್ನು ಅಟ್ಟುತ್ತಿದ್ದಳು. ಮಾತು ಕುಲುಮೆಯಿಂದ ಬೀದಿಗೂ ಹೋಯಿತು. ಕೊಟ್ಟ ಪಾತ್ರೆ ವಾಪಸು ಮಾಡದವರನ್ನು ಜನ "ವೈಸು ಕಣೋ ಅವನು" ಅನ್ನತೊಡಗಿದರು. ಮಗಳು ಹುಟ್ಟಿ, ಅಪ್ಪನ ಬೆರಳನ್ನು ಮೊದಲ ಸಲ ಮುಷ್ಟಿಯಲ್ಲಿ ಹಿಡಿದಾಗ ಅವನು ಕುಲುಮೆಗೇ ಹೋಗದೆ ಕೂತುಬಿಟ್ಟಿದ್ದ. "ನೋಡಿಲ್ಲಿ, ವೈಸು ಹಾಕಿದಾಳೆ. ಹಿಡಿಕೆ ಎಲ್ಲಿದೆಯೋ ಕಾಣ್ತಿಲ್ಲ, ಬಿಡಿಸ್ಕೊಳ್ಳೋದು ಹೆಂಗೆ?"

ಅವನಿಗೊಂದು ನಿಯಮವಿತ್ತು. ಸಂಜೆ ಕುಲುಮೆಯ ಬಾಗಿಲು ಹಾಕುವ ಮುಂಚೆ ವೈಸಿನ ಬಾಯಿ ಬಿಡಿಸಲೇಬೇಕು. "ದಿನವೆಲ್ಲ ಕಚ್ಚಿ ಹಿಡಿದಿರತ್ತೆ, ರಾತ್ರಿಯಾದ್ರೂ ದವಡೆ ಸಡಿಲ ಬಿಟ್ಟು ಮಲಗಲಿ" ಎನ್ನುತ್ತಿದ್ದ. ಅಂಥವನ ವೈಸು ಮಳೆಗಾಲ ಕಳೆದು, ಚಳಿ ಕಳೆದು, ಈಗಲೂ ಬಾಯಿ ಬಿಟ್ಟಿರಲಿಲ್ಲ.

ಎಣ್ಣೆಬಟ್ಟೆ ಮಡಿಸಿಡುವಾಗ ಹೊಸ್ತಿಲ ಮೇಲೆ ನೆರಳು ಬಿತ್ತು.

"ಏನ್ ತಾಯಿ, ಗುಡಿಸಾಯ್ತಾ?"

ಎಡಚಜ್ಜ. ಹುಟ್ಟು ಎಡಗೈಯವನಾದ್ದರಿಂದ ಚಿಕ್ಕಂದಿನಲ್ಲಿ ಎಡಚ, ತಲೆ ನರೆತ ಮೇಲೆ ಎಡಚಜ್ಜ. ಬೇರೆ ಹೆಸರು ಇದ್ದರೂ ಅದು ಅವನಿಗೇ ಮರೆತಿರಬೇಕು. ವೈಸಿನ ಬಾಯಲ್ಲಿದ್ದ ಅಲಗು ಅವನದೇ. ಅಲಗಿನ ಅಂಚು ಕಲ್ಲಿಗೆ ತಾಗಿ ಮುಕ್ಕಾಯಿತೆಂದು ಹೋದ ಸಲದ ಉಣ್ಣೆ ಮುಗಿದ ಮೇಲೆ ತಂದುಕೊಟ್ಟಿದ್ದ.

"ಬನ್ನಿ ಅಜ್ಜ, ಕೂತ್ಕೊಳ್ಳಿ" ಎಂದು ಅವಳು ಮಣೆ ಸರಿಸಿದಳು. ಅವನು ಏತಕ್ಕೆ ಬಂದಿದ್ದಾನೆಂದು ಇಬ್ಬರಿಗೂ ಗೊತ್ತಿತ್ತು.

ಅಜ್ಜ ಕೂತ. ಬಿಸಿಲಿನ ಮಾತಾಡಿದ. ಕೆರೆಯ ನೀರು ಕಡಿಮೆಯಾದ ಮಾತಾಡಿದ. ಒಂದು ಕುರಿ ಅವಳಿ ಹಾಕಿ ಒಂದನ್ನು ಮಾತ್ರ ನೆಕ್ಕುತ್ತದೆ, ಇನ್ನೊಂದು ಮಗ್ಗುಲಲ್ಲೇ ಇದ್ದರೂ ಬೇರೆ ಊರಿನದೆಂಬಂತೆ ನೋಡುತ್ತದೆ ಎಂದು ದೂರು ಹೇಳಿದ. ಅವನ ಕಣ್ಣು ಕಿಟಕಿಯ ಕಡೆಗೆ ಹೋಗಿಹೋಗಿ ಹಿಂದೆ ಬರುತ್ತಿತ್ತು.

ಕುಲುಮೆಗೆ ಅಂಟಿದ ಕೋಣೆಯಲ್ಲಿ ಮಗಳು ತುಳಿಯುತ್ತಿದ್ದ ಹೊಲಿಗೆ ಮಿಷನ್ನಿನ ಸದ್ದು ನಿಂತಿತು. ಅವಳು ಕೊರಳಿಗೆ ಟೇಪು ಹಾಕಿಕೊಂಡೇ ಬಾಗಿಲಿಗೆ ಬಂದಳು.

"ಅಜ್ಜ, ಕೈಗೇನಾಯ್ತು?"

ಅವನು ಬಟ್ಟೆ ಸುತ್ತಿದ ಎಡಗೈಯನ್ನು ಪಂಚೆಯ ಮರೆಗೆ ಎಳೆದುಕೊಂಡ. "ಏನಿಲ್ಲ ಮಗ. ಸಾಲ ತಂದ ಕತ್ತರಿ. ಅದು ಬಲಗೈಯವರ ಪೈಕಿ, ನಂದು ಎಡಗೈ. ಇಬ್ಬರಿಗೂ ಹೊಂದಾಣಿಕೆ ಇಲ್ಲ."

"ಕುರಿಗಳಿಗೂ ಗಾಯ ಆಗ್ತಿದ್ಯಾ?"

ಬಲಗೈ ಕತ್ತರಿಯನ್ನು ಎಡಗೈಯಲ್ಲಿ ಒತ್ತಿದರೆ ಅಲಗುಗಳು ಒಂದನ್ನೊಂದು ಬಿಟ್ಟು ದೂರ ಹೋಗುತ್ತವೆ. ಉಣ್ಣೆ ಕತ್ತರಿಸದೆ ನಡುವೆ ಮಡಚಿಕೊಳ್ಳುತ್ತದೆ, ಎಳೆದರೆ ಚರ್ಮವೇ ಸಿಗುತ್ತದೆ. ಅದಕ್ಕಾಗಿಯೇ ಕಮ್ಮಾರ ಅವನಿಗೆಂದು ಅಲಗುಗಳನ್ನು ತಿರುವುಮುರುವಾಗಿ ಬಡಿದು ಕೊಟ್ಟಿದ್ದ. ಅಂಥದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

"ಬೇರೆ ಯಾರಾದ್ರೂ ಕತ್ತರಿಸಿಕೊಡಲ್ವಾ ಅಜ್ಜ?" ಎಂದಳು ಮಗಳು.

"ಎಲ್ಲರ ಮಂದೆಯೂ ತೊಳೆದು ಕೂತಿದೆ. ಅವರವರದ್ದು ಮುಗಿಯೋಷ್ಟರಲ್ಲಿ ನನ್ನವು ಬಿಸಿಲಿಗೆ ಬಾಯಿಬಿಡ್ತವೆ." ಅಜ್ಜ ಎದ್ದ. "ನಾನು ಸುಮ್ನೆ ಮಾತಾಡ್ಸೋಣ ಅಂತ ಬಂದೆ ತಾಯಿ. ಬರ್ತೀನಿ."

"ಅಜ್ಜ ಕತ್ತರಿಗೆ ಬಂದಿರೋದಮ್ಮ" ಎಂದಳು ಮಗಳು ಮೆಲ್ಲಗೆ.

"ನಂಗೇನು ಕಣ್ಣಿಲ್ವಾ?"

ಅಜ್ಜ ಇಬ್ಬರ ನಡುವೆ ಕೈ ಅಡ್ಡ ಹಿಡಿದ. "ಬೇಡ ಮಗ, ಅಮ್ಮನ್ನ ಏನೂ ಅನ್ಬೇಡ. ನನ್ನ ಹೆಂಡತಿ ಸತ್ತಾಗ ಅವಳು ಹೊಸ ಗೂಟಕ್ಕೆ ಹಾಕಿದ್ದ ಹಗ್ಗದ ಗಂಟನ್ನ ನಾನೂ ಬಿಚ್ಚಿರ್ಲಿಲ್ಲ. ದನ ಹಳೇ ಗೂಟಕ್ಕೇ ಕಟ್ತಿದ್ದೆ." ಅಷ್ಟು ಹೇಳಿ ಅವನು ಹೊಸ್ತಿಲು ದಾಟಿದ.

ಅವಳು ಬೆಚ್ಚಿ ಅವನ ಬೆನ್ನನ್ನೇ ನೋಡಿದಳು. ಯಾರಿಗೂ ಹೇಳಿಲ್ಲ ಎಂದುಕೊಂಡಿದ್ದದ್ದು ಅವನಿಗೆ ತಿಳಿದಿತ್ತು. ತಿಳಿದೇ ಅವನು ಇಷ್ಟು ದಿನ ಕೇಳಿರಲಿಲ್ಲ.

ಮರುದಿನ ಅವಳು ಗಾಯಕ್ಕೆ ಹಚ್ಚುವ ಮುಲಾಮಿನ ಡಬ್ಬಿ ಹಿಡಿದು ಅಜ್ಜನ ಕುರಿಹಟ್ಟಿಗೆ ಹೋದಳು. ಮುಲಾಮು ಕೊಟ್ಟು ಬರುವುದಷ್ಟೇ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಬೇಲಿಯ ಆಚೆ ಅಜ್ಜ ಒಂದು ಕುರಿಯನ್ನು ಕಾಲ ನಡುವೆ ಕೂರಿಸಿಕೊಂಡು, ಸಾಲದ ಕತ್ತರಿಯನ್ನು ಬಲಗೈಯಲ್ಲಿ ಹಿಡಿದು ಪ್ರಯತ್ನಿಸುತ್ತಿದ್ದ. ಆ ಕೈ ಅವನದಲ್ಲವೇನೋ ಎಂಬಂತೆ ಅತ್ತಿತ್ತ ಜಾರುತ್ತಿತ್ತು. ಆಗಲೇ ಕತ್ತರಿಸಿ ಬಿಟ್ಟಿದ್ದ ಕುರಿಗಳು ಮೂಲೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಉಣ್ಣೆ ಅಲ್ಲಲ್ಲಿ ಗುಪ್ಪೆಯಾಗಿ ಉಳಿದು, ನಡುವೆ ಚರ್ಮದ ಮೇಲೆ ಕೆಂಪು ಗೀರು. ಒಂದರ ಪಕ್ಕೆಯ ಗಾಯಕ್ಕೆ ನೊಣ ಮುತ್ತಿತ್ತು. ಅದು ಚರ್ಮವನ್ನು ಅಲುಗಿಸಿ ಓಡಿಸುತ್ತಿತ್ತು, ಅವು ಮತ್ತೆ ಬಂದು ಕೂರುತ್ತಿದ್ದವು.

"ಅಯ್ಯೋ ಇರು, ಇರು ನನ್ನಮ್ಮ" ಎಂದು ಅಜ್ಜ ಕಾಲ ನಡುವಿನ ಕುರಿಗೆ ಹೇಳುತ್ತಿದ್ದ. "ನಂದೇ ತಪ್ಪು. ನಿಂದಲ್ಲ."

ಅವಳು ಡಬ್ಬಿಯನ್ನು ಬೇಲಿಯ ಕಂಬದ ಮೇಲಿಟ್ಟಳು. ಕರೆಯಲಿಲ್ಲ. ಬಂದ ದಾರಿಯಲ್ಲೇ ತಿರುಗಿದಳು.

ರಸ್ತೆಯ ತಿರುವಿನಲ್ಲಿ ವೆಲ್ಡಿಂಗಿನವನ ಅಂಗಡಿ. ಹುಡುಗನಾಗಿದ್ದಾಗ ಕಮ್ಮಾರನ ಕೈಕೆಳಗೆ ಕೆಲಸ ಕಲಿತವನು. ಈಗ ಅವನಿಗೇ ಮೀಸೆ ನರೆಯುತ್ತಿತ್ತು. ಅವಳನ್ನು ಅಂದಿನಿಂದಲೂ ಅತ್ತಿಗೆ ಎಂದೇ ಕರೆಯುತ್ತಿದ್ದ. ಅವನು ಗೇಟೊಂದಕ್ಕೆ ಸರಳು ಕೂರಿಸುತ್ತಿದ್ದವನು ಅವಳನ್ನು ಕಂಡು ಕನ್ನಡಕ ಮೇಲೆತ್ತಿದ.

"ಏನತ್ತಿಗೆ, ಬಿಸಿಲಲ್ಲಿ?"

"ವೈಸು ಬಿಚ್ಬೇಕು. ನೀನೂ ಬಾ."

ಅವನು ಕೈಯಲ್ಲಿದ್ದ ಸರಳನ್ನು ಕೆಳಗಿಟ್ಟ. ಆಮೇಲೆ, "ಅಣ್ಣ ಬಿಗಿದಿರೋದು, ಬರಿಗೈಗೆ ಬರಲ್ಲ. ಪೈಪು ತರ್ತೀನಿ" ಎಂದ.

ಕುಲುಮೆಯಲ್ಲಿ ಮೂವರು ನಿಂತರು. ವೆಲ್ಡಿಂಗಿನವನು ಹಿಡಿಕೆಗೆ ತೂರಿಸಿ ಬಲ ಹಾಕಲೆಂದು ಮಾರುದ್ದದ ಕಬ್ಬಿಣದ ಪೈಪು ತಂದಿದ್ದ. ಮಗಳು ಮೇಜನ್ನು ಒತ್ತಿ ಹಿಡಿದುಕೊಳ್ಳಲು ಸಿದ್ಧಳಾದಳು.

"ನೀವು ಸರೀರಿ ಅತ್ತಿಗೆ."

"ಬೇಡ. ನಾನೇ ತೆಗೀತೀನಿ."

"ನಿಮ್ಮ ಕೈಲಿ ಆಗಲ್ಲ."

"ಆಗದೇ ಇದ್ರೆ ನೀನಿದ್ದೀಯಲ್ಲ. ಮೊದಲು ನಾನು ಮುಟ್ತೀನಿ."

ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಹಿಡಿಕೆ ತಣ್ಣಗಿತ್ತು. ಅವನ ಅಂಗೈ ಉಜ್ಜಿ ಉಜ್ಜಿ ಮಧ್ಯದಲ್ಲಿ ನುಣುಪಾಗಿದ್ದ ಜಾಗಕ್ಕೆ ತನ್ನ ಅಂಗೈ ಇಟ್ಟಳು. ಒಂದು ಕಾಲು ಹಿಂದಿಟ್ಟು, ಹಲ್ಲು ಕಚ್ಚಿ, ಇಡೀ ಮೈಭಾರವನ್ನು ಆ ಕೈಗೆ ತಂದು ಎಳೆದಳು.

ಹಿಡಿಕೆ ಸರ್ರನೆ ತಿರುಗಿತು. ಹಾಕಿದ ಬಲಕ್ಕೆ ಅಡ್ಡವೇ ಸಿಗದೆ ಅವಳು ಮುಗ್ಗರಿಸಿ ಮೇಜಿನ ಅಂಚಿಗೆ ಬಡಿದಳು. ಅಲಗು ಠಣ್ಣೆಂದು ಕೆಳಗೆ ಬಿತ್ತು.

ಹಿಡಿಕೆ ತನ್ನಷ್ಟಕ್ಕೆ ಒಮ್ಮೆ ತೂಗಾಡಿ ನಿಂತಿತು.

"ಪೆಟ್ಟಾಯ್ತೇನಮ್ಮ?" ಎಂದು ಮಗಳು ತೋಳು ಹಿಡಿದಳು. "ದಿನಾ ಎಣ್ಣೆ ಹಾಕ್ತಿದ್ದೆಯಲ್ಲ, ಅದಕ್ಕೇ ಸಡಿಲ ಆಗಿರ್ಬೇಕು."

ಎಣ್ಣೆ ಹಾಕಿದರೆ ತುಕ್ಕು ಹಿಡಿಯುವುದಿಲ್ಲ, ಅಷ್ಟೇ. ಬಿಗಿದ ವೈಸು ಎಣ್ಣೆಗೆ ಸಡಿಲವಾಗುವುದಿಲ್ಲ. ಇದು ಕಮ್ಮಾರನ ಮನೆಯಲ್ಲಿ ಬಾಳಿದ ಯಾರಿಗಾದರೂ ಗೊತ್ತು, ಮಗಳಿಗೂ ಗೊತ್ತಿತ್ತು. ತಾಯಿ ಬಗ್ಗಿ ಅಲಗಿನ ಜೊತೆ ಬಿದ್ದಿದ್ದ ಚರ್ಮದ ತುಂಡುಗಳನ್ನು ಎತ್ತಿಕೊಂಡಳು. ವೈಸಿನ ದವಡೆಗೆ ಹಲ್ಲಿನಂಥ ಗೀರುಗಳಿರುತ್ತವೆ. ಅವು ಅಲಗನ್ನು ಕಚ್ಚಿ ಗಾಯಮಾಡದಿರಲೆಂದು ಅವನು ಎರಡೂ ಕಡೆ ಚರ್ಮ ಕೊಟ್ಟು ಬಿಗಿಯುತ್ತಿದ್ದ. ಮೇಜಿನ ಕೆಳಗಿನ ಪೆಟ್ಟಿಗೆಯಲ್ಲಿ ಹಳೆಯ ತುಂಡುಗಳು ಬೇಕಾದಷ್ಟಿದ್ದವು. ಒಂದೊಂದರ ಮೇಲೂ ದವಡೆಯ ಹಲ್ಲು ಆಳವಾಗಿ ಇಳಿದು, ಕೆಲವು ತೂತೇ ಬಿದ್ದಿದ್ದವು. ಅವಳು ಒಂದನ್ನು ತೆಗೆದು ಪಕ್ಕದಲ್ಲಿಟ್ಟು ನೋಡಿದಳು. ಕೈಯಲ್ಲಿದ್ದ ತುಂಡು ನುಣ್ಣಗಿತ್ತು. ಬೆಳಕಿಗೆ ಓರೆ ಹಿಡಿದರೆ ಮಾತ್ರ ಉಗುರಿನಲ್ಲಿ ಗೀಚಿದಷ್ಟು ಗುರುತು.

ಅಲಗನ್ನು ಎತ್ತಿ ನೋಡಿದಳು. ಅರದ ಗೆರೆಗಳು ಮುಕ್ಕಿನ ಹತ್ತಿರ ಶುರುವಾಗಿ, ಒಂದು ಅತ್ತ ಒಂದು ಇತ್ತ ಹೋಗಿ, ಮೇಲೆ ಮೇಲೆ ತೇಲಿದ್ದವು. ಕೆಲಸ ಕಲಿಯುವವರ ಕೈಯ ಗೆರೆ.

ವೆಲ್ಡಿಂಗಿನವನು ಪೈಪನ್ನು ಗೋಡೆಗೆ ಒರಗಿಸುತ್ತಿದ್ದ. ಒರಗಿಸಿ ಆದಮೇಲೂ ಅವನು ಈ ಕಡೆ ತಿರುಗಲಿಲ್ಲ.

"ನಿಂಗೆ ಗೊತ್ತಿತ್ತು" ಎಂದಳು ಅವಳು.

"ಅತ್ತಿಗೆ..."

"ಇಲ್ಲಿ ನೋಡ್ಕೊಂಡು ಮಾತಾಡು."

ಅವನು ತಿರುಗಿದ. "ಒಂದು ವರ್ಷದ ಮೇಲಾಗಿತ್ತು. ಎಡಗಡೆ ತೋಳಲ್ಲಿ ನೋವು, ನಾಲ್ಕು ಹೆಜ್ಜೆ ಇಟ್ರೆ ಉಸಿರು ಸಿಗ್ತಿರ್ಲಿಲ್ಲ. ನಾನೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿದ್ದೆ. ಸುತ್ತಿಗೆ ಮುಟ್ಲೇಬೇಡಿ ಅಂದ್ರು. ಅವತ್ತಿಂದ ಬಲದ ಕೆಲಸ ಎಲ್ಲ ನನ್ನ ಹತ್ರ ಕಳಿಸ್ತಿದ್ರು. ನಾನು ಮಾಡಿ ಕೊಟ್ಟದ್ದನ್ನ ಇಲ್ಲಿ ತಂದಿಟ್ಕೊಂಡು ಗಿರಾಕಿಗೆ ಕೊಡ್ತಿದ್ರು."

"ಇದನ್ಯಾಕೆ ಕಳಿಸ್ಲಿಲ್ಲ?"

"ಕೇಳ್ದೆ. ಎಡಚಜ್ಜಂದು ನಿಂಗೆ ಬರಲ್ಲ, ನಾನೇ ಮಾಡ್ಬೇಕು ಅಂದ್ರು."

"ನಂಗ್ಯಾಕೆ ಹೇಳ್ಲಿಲ್ಲ?"

"ಬೇಡ ಅಂದಿದ್ರು. ಹೇಳಿದ್ರೆ ಅವಳು ಕುಲುಮೆಗೆ ನೀರು ಸುರಿದು ನನ್ನ ಮಂಚಕ್ಕೆ ಕಟ್ಹಾಕ್ತಾಳೆ ಅಂತ ನಗ್ತಿದ್ರು. ನನ್ನ ಕೈಲಿ ಆಣೆ ಹಾಕಿಸ್ಕೊಂಡಿದ್ರು ಅತ್ತಿಗೆ. ನಾನೇನ್ಮಾಡ್ಲಿ?"

ಕಟ್ಟಿಹಾಕುತ್ತಿದ್ದಳು, ನಿಜ. ಕೈಕಾಲು ಹಿಡಿದು, ಜಗಳವಾಡಿ, ಉಪವಾಸ ಕೂತು, ಹೇಗಾದರೂ ಮಾಡಿ ಉಳಿಸಿಕೊಳ್ಳುತ್ತಿದ್ದಳು. ಅವಳು ಮಣೆಯ ಮೇಲೆ ಕೂತಳು. ಮಗಳು ಏನೋ ಹೇಳುತ್ತಿದ್ದಳು, ಕಿವಿಗೆ ಬೀಳಲಿಲ್ಲ. ಅವಳಿಗೆ ಇದ್ದಕ್ಕಿದ್ದಂತೆ ಅಡುಗೆಮನೆಯ ಗೂಡು ಕಣ್ಣಿಗೆ ಕಟ್ಟಿತು. ಎಣ್ಣೆ ಡಬ್ಬಿ, ಸಕ್ಕರೆ ಡಬ್ಬಿ. ಅವನ ಕೊನೆಯ ವರ್ಷ ಸಲೀಸಾಗಿ ಬರುತ್ತಿದ್ದ ಮುಚ್ಚಳಗಳು.

"ಬುದ್ಧಿ ಬಂತು ಅಂದ್ಕೊಂಡಿದ್ದೆ" ಎಂದಳು.

"ಯಾರಿಗಮ್ಮ?"

"ಡಬ್ಬಿ ಮುಚ್ಚಳ... ನಾನು ಹೇಳಿ ಹೇಳಿ ಕೊನೆಗೆ ನನ್ನ ಮಾತು ಕೇಳಿದ್ರು ಅಂದ್ಕೊಂಡಿದ್ದೆ ಕಣೇ. ಅವರಿಗೆ ಅಂದೂ ಬಿಟ್ಟೆ. ಈಗ ನೋಡಿ, ಮನುಷ್ಯರ ಹಾಗೆ ಮುಚ್ಚೋದು ಕಲಿತ್ರಿ ಅಂದೆ. ಹೌದು ಮಾರಾಯ್ತಿ, ನೀನು ಗೆದ್ದೆ ಅಂದ್ರು. ನಗ್ತಾ ಅಂದ್ರು."

ಆಮೇಲೆ ಅವಳು ಅತ್ತಳು. ಅವನು ಹೋದ ದಿನವೂ ಹೀಗೆ ಅತ್ತಿರಲಿಲ್ಲ. ಅಂದು ಜನ ತುಂಬಿದ್ದರು, ಮಾಡುವುದು ಬಹಳವಿತ್ತು. ವೆಲ್ಡಿಂಗಿನವನು ಹೊರಗೆ ಹೋಗಿ ರಸ್ತೆಯಂಚಿನ ಕಲ್ಲಿನ ಮೇಲೆ ಕೂತ. ಮಗಳು ಅಮ್ಮನ ಬೆನ್ನ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದಳು. ಕೆರೆಯ ಕಡೆಯಿಂದ ಕುರಿಗಳ ಕೂಗು ಬರುತ್ತಿತ್ತು, ನಿಲ್ಲುತ್ತಿತ್ತು.

ಬಿಸಿಲು ಕಿಟಕಿಯಿಂದ ಮೇಜಿನ ಮೇಲೆ ಬಂದಾಗ ಅವಳು ಮುಖ ಒರೆಸಿಕೊಂಡು ಎದ್ದಳು. ನುಣ್ಣನೆಯ ಆ ಎರಡು ಚರ್ಮದ ತುಂಡುಗಳನ್ನು ಸೊಂಟದ ಚೀಲಕ್ಕೆ ಹಾಕಿಕೊಂಡಳು. ಪೆಟ್ಟಿಗೆಯಿಂದ ಹಳೆಯ ಜೋಡಿಯೊಂದನ್ನು ಆರಿಸಿ, ಅವುಗಳ ನಡುವೆ ಅಲಗನ್ನು ಇಟ್ಟು ವೈಸಿನ ಬಾಯಿಗೆ ಕೊಟ್ಟಳು. ಹಿಡಿಕೆ ತಿರುಗಿಸಿದಳು. ನಿಂತಿತು. ಮತ್ತೂ ತಿರುಗಿಸಿದಳು.

"ಅಮ್ಮ, ನಾನು ಹಿಡೀಲಾ?"

"ಹಿಡಿ."

ಇಬ್ಬರೂ ಒಂದೇ ಹಿಡಿಕೆಗೆ ಜೋತುಬಿದ್ದು ಬಿಗಿದರು. ಚರ್ಮ ಕಿರ್ರೆಂದಿತು.

ಅರ ಹಿಡಿಯುವುದು ಅವಳಿಗೆ ಹೊಸದಲ್ಲ. ಎಷ್ಟೋ ವರ್ಷ ಅವನ ಎದುರು ನಿಂತು ತಿದಿಯೊತ್ತಿದವಳು, ಕಾದ ಕಬ್ಬಿಣದ ಆಚೆ ತುದಿ ಹಿಡಿದವಳು. ಸಣ್ಣಪುಟ್ಟ ಕುಡುಗೋಲಿಗೆ ಅವಳೇ ಅಂಚು ಕಟ್ಟಿದ್ದೂ ಉಂಟು. ಎಡಗೈ ಕತ್ತರಿಯ ಓರೆ ಉಲ್ಟಾ ಎಂಬುದು ಕೈಗೆ ಬರಲು ಸ್ವಲ್ಪ ಹೊತ್ತು ಬೇಕಾಯಿತು. ಅವನು ಎಳೆದ ಗೆರೆಗಳ ಮೇಲೆ ಮೊದಲ ಸಲ ಅರ ಇಟ್ಟಾಗ ಮಾತ್ರ ಕೈ ತಡೆಯಿತು. ಆ ಗೆರೆಗಳು ಉಳಿದರೆ ಅಂಚು ಬರುವುದಿಲ್ಲ. ಅವಳು ಅರವನ್ನು ಒತ್ತಿ ಎಳೆದಳು. ಕಬ್ಬಿಣದ ಪುಡಿ ಮೇಜಿನ ಮೇಲೆ ಉದುರಿತು.

ಮುಕ್ಕು ಹೋಗಿ, ಸಾಣೆಕಲ್ಲಿನಲ್ಲಿ ಅಂಚು ನಯವಾಗುವಷ್ಟರಲ್ಲಿ ಹೊತ್ತು ವಾಲಿತ್ತು. ಮೊಳೆಗೆ ನೇತಾಡುತ್ತಿದ್ದ ಜೋಡಿ ಅಲಗನ್ನು ಇಳಿಸಿ, ವೆಲ್ಡಿಂಗಿನವನಿಂದ ನಡುವಿನ ರಿವೆಟ್ಟು ಹೊಡೆಸಿದಳು. ಅವನು ತಲೆ ತಗ್ಗಿಸಿಕೊಂಡೇ ಹೊಡೆದುಕೊಟ್ಟ.

"ನಾಳೆಯಿಂದ ನನ್ನ ಮೇಲೆ ಸಿಟ್ಟು ಮಾಡ್ಕೊಳ್ಳಿ ಅತ್ತಿಗೆ. ಮಾಡ್ಕೊಳ್ಳದೆ ಇರ್ಬೇಡಿ."

"ನಾಳೆ ನೋಡೋಣ" ಎಂದಳು ಅವಳು.

ಮಗಳು ಓಡಿಹೋಗಿ ಅಜ್ಜನನ್ನು ಕರೆತಂದಳು. ಅಜ್ಜ ಪಕ್ಕೆ ಗಾಯವಾಗಿದ್ದ ಕುರಿಯನ್ನೂ ಹಗ್ಗ ಹಿಡಿದು ತಂದಿದ್ದ. ಮುಲಾಮು ಹಚ್ಚಿತ್ತು; ಅರೆಬರೆ ಉಣ್ಣೆಯಲ್ಲಿ ಅದು ಹರಿದ ಕೋಟು ಹಾಕಿಕೊಂಡ ಮುದುಕಿಯಂತೆ ಕಾಣುತ್ತಿತ್ತು. ಅಜ್ಜ ಕತ್ತರಿಯನ್ನು ಎಡಗೈಗೆ ತೆಗೆದುಕೊಂಡು ಗಾಳಿಯಲ್ಲಿ ಒಮ್ಮೆ ಆಡಿಸಿದ. ಅಲಗುಗಳು ಒಂದನ್ನೊಂದು ಸವರಿಕೊಂಡು ಹೋದ ಸದ್ದಿಗೆ ಅವನು ಕಣ್ಣು ಮುಚ್ಚಿದ.

"ಅವರದೇ ಕೈ" ಎಂದ.

ಅವಳು ಕೈಗಂಟಿದ್ದ ಕಬ್ಬಿಣದ ಪುಡಿಯನ್ನು ಸೆರಗಿಗೆ ಒರೆಸಿಕೊಂಡಳು.

ಕುಲುಮೆಯ ಮುಂದಿನ ಅಂಗಳದಲ್ಲೇ ಅಜ್ಜ ಕುರಿಯನ್ನು ಕೂರಿಸಿಕೊಂಡ. ಗಾಯವನ್ನು ಬಳಸಿಕೊಂಡು ಕತ್ತರಿ ಮೆಲ್ಲಗೆ ಹೋಯಿತು. ಉಣ್ಣೆ ಚಾಪೆ ಸುರುಳಿ ಬಿಚ್ಚಿದಂತೆ ಮಗುಚಿಕೊಂಡಿತು. ಕುರಿ ಒಂದು ಸಲವೂ ಒದರಲಿಲ್ಲ. ಮುಗಿದ ಮೇಲೆ ಅಜ್ಜ ಉಣ್ಣೆಯನ್ನು ಮಡಚಿ ಎತ್ತಿಕೊಂಡು ಬಂದು ಮೇಜಿನ ಮೇಲೆ, ವೈಸಿನ ಪಕ್ಕಕ್ಕಿಟ್ಟ. ಪ್ರತಿ ರಿಪೇರಿಗೂ ಒಂದು ಕುರಿಯ ಉಣ್ಣೆ ಎಂಬುದು ಕಮ್ಮಾರನಿಗೂ ಅವನಿಗೂ ಇದ್ದ ಹಳೆಯ ಮಾತು.

"ಇದು ಬೇಡ ಅಜ್ಜ. ತಡಮಾಡಿದ್ದು ನಾವು. ನಿಮ್ಮ ಕುರಿಗಳಿಗೆ ಗಾಯ ಆಯ್ತು."

"ಮೇಸ್ತ್ರಿಗೆ ಕೊಡ್ಬೇಕಾದ್ದು ನನ್ನ ತಲೆ ಮೇಲಿರೋದು ಬೇಡ ತಾಯಿ. ಇಸ್ಕೊಂಡುಬಿಡು." ಅವನು ಕುರಿಯ ಹಗ್ಗ ಎತ್ತಿಕೊಂಡ. "ಅವರ ಕಡೆಯಿಂದಲೂ ನಂಗೆ ಬರೋದೇನೂ ಬಾಕಿ ಇಲ್ಲ. ಸರಿಹೋಯ್ತು."

ಅಜ್ಜ ರಸ್ತೆ ದಾಟುವ ತನಕ ಅವಳು ನೋಡಿದಳು. ಆಮೇಲೆ ಒಳಗೆ ಬಂದು ವೈಸಿನ ಹಿಡಿಕೆ ತಿರುಗಿಸಿ, ದವಡೆಗಳನ್ನು ಅಂಗೈಯಗಲ ಬಿಡಿಸಿ ಬಾಗಿಲು ಹಾಕಿದಳು.

ಮನೆಯಲ್ಲಿ ಮಗಳು ಒಲೆ ಹಚ್ಚಿದ್ದಳು. ಅವಳು ಎಣ್ಣೆ ಡಬ್ಬಿ ತೆಗೆದು ಬೇಕಾದಷ್ಟು ಬಗ್ಗಿಸಿಕೊಂಡಳು, ಮುಚ್ಚಳ ಇಟ್ಟು ತಿರುಗಿಸಿದಳು. ನಿಂತ ಮೇಲೂ ತಿರುಗಿಸಿದಳು. ಡಬ್ಬಿಯನ್ನು ಎದೆಗೆ ಒತ್ತಿಕೊಂಡು, ಉಸಿರು ಕಟ್ಟಿ, ಅಂಗೈಯ ಚರ್ಮ ಸುಲಿಯುವ ಹಾಗೆ ಮತ್ತೂ ಬಿಗಿದಳು.

"ಅಮ್ಮ, ಸಾಕು. ನಾಳೆ ಯಾರು ತೆಗೆಯೋದು?"

ಅವಳು ಡಬ್ಬಿಯನ್ನು ಗೂಡಿನೊಳಗಿಟ್ಟಳು.